ಅಚ್ಚುಕೂಟದ ಬೆಂಜಮಿನ್ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ ಎಂದೊಡನೆ ವಿಜ್ಞಾನದ ವಿದ್ಯಾರ್ಥಿಗೆ ಗಾಳಿಪಟವೂ ಸಿಡಿಲೂ ನೆನಪಾಗುತ್ತವೆ. ಇತಿಹಾಸದ ವಿದ್ಯಾರ್ಥಿಗೆ ೧೭೭೬ರ ಸ್ವಾತಂತ್ರ್ಯ ಘೋಷಣೆಯ ಕೆಳಗಿನ ಸಹಿ ನೆನಪಾಗುತ್ತದೆ. ಇವೆರಡಕ್ಕೂ ಮೊದಲು ಅವನು ಫಿಲಡೆಲ್ಫಿಯ ಪಟ್ಟಣದಲ್ಲಿ ಇಪ್ಪತ್ತು ವರ್ಷಗಳ ಕಾಲ ಒಂದು ಅಚ್ಚುಕೂಟವನ್ನೂ ಅದಕ್ಕೆ ಸೇರಿದ ಒಂದು ಚಿಕ್ಕ ಅಂಗಡಿಯನ್ನೂ ನಡೆಸಿದ ವ್ಯಾಪಾರಿಯೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವನ ಮಿಕ್ಕ ಕೀರ್ತಿಗೆಲ್ಲ ಬಂಡವಾಳ ಒದಗಿದ್ದು ಆ ಅಂಗಡಿಯಿಂದ. ಬರಿಯ ಹಣದ ಬಂಡವಾಳವಲ್ಲ. ಈತನ ಮಾತು ಮಾತೇ, ಈತನ ಲೆಕ್ಕ ಲೆಕ್ಕವೇ ಎಂದು ಊರು ನಂಬಿದ ಬಂಡವಾಳ. ಆ ನಂಬಿಕೆ ಅವನಿಗೆ ಹುಟ್ಟಿನಿಂದ ಬಂದುದಲ್ಲ. ಇಪ್ಪತ್ತು ವರ್ಷ ತುಂಬುವ ಮೊದಲೇ ಅವನು ಒಂದು ಕರಾರನ್ನು ಮುರಿದಿದ್ದನು. ಇನ್ನೊಬ್ಬರ ಹಣವನ್ನು ಮುಟ್ಟಿದ್ದನು. ಅಂಥ ಹುಡುಗನು ಎಂಥ ವ್ಯಾಪಾರಿಯಾದನೆಂಬುದೇ ಇಲ್ಲಿಯ ವಿಷಯ. ಗಾಳಿಪಟವನ್ನು ಭೌತಶಾಸ್ತ್ರದ ಮಿತ್ರರಿಗೆ ಬಿಟ್ಟಿದ್ದೇನೆ.

ಅವನು ಹುಟ್ಟಿದ್ದು ೧೭೦೬ರ ಜನವರಿ ೧೭ರಂದು, ಬಾಸ್ಟನ್ ಪಟ್ಟಣದಲ್ಲಿ. ಆಗ ಅಮೆರಿಕವೆಂಬ ರಾಷ್ಟ್ರವಿರಲಿಲ್ಲ. ಅಲ್ಲಿ ಬ್ರಿಟಿಷ್ ಅರಸನಿಗೆ ಸೇರಿದ ವಸಾಹತುಗಳಿದ್ದವು. ತಂದೆ ಜೋಸಾಯನು ಇಂಗ್ಲೆಂಡಿನಿಂದ ಬಂದು ನೆಲೆಸಿದವನು. ದನದ ಕೊಬ್ಬನ್ನು ಕಾಸಿ ದೀಪದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುತ್ತಿದ್ದನು. ಮೊದಲ ಹೆಂಡತಿ ಸತ್ತ ಮೇಲೆ ಮತ್ತೆ ಮದುವೆಯಾದ ಅವನಿಗೆ ಒಟ್ಟು ಹದಿನೇಳು ಮಕ್ಕಳು, ಬೆಂಜಮಿನ್ ಹದಿನೈದನೆಯವನು. ಇಂಥ ಸಂಸಾರದಲ್ಲಿ ಹುಡುಗನ ಶಾಲೆಯ ಓದು ಎರಡು ವರ್ಷವೂ ತುಂಬಲಿಲ್ಲ. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸಲು ಕೂತನು. ಆ ವಾಸನೆ ಅವನಿಗೆ ಹಿಡಿಸಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು. ಇಪ್ಪತ್ತೊಂದು ತುಂಬುವವರೆಗೆ ಅಣ್ಣನ ಬಳಿ ದುಡಿಯತಕ್ಕದ್ದೆಂದು ಕರಾರುಪತ್ರವಾಯಿತು.

ಜೇಮ್ಸನು ೧೭೨೧ರಲ್ಲಿ ಒಂದು ವಾರಪತ್ರಿಕೆಯನ್ನು ಹೊರಡಿಸಿದನು. ಅದು ಅಧಿಕಾರಿಗಳನ್ನು ಕೆಣಕಿತು. ಅವನಿಗೆ ಸೆರೆಮನೆಯೂ ಆಯಿತು. ಕೊನೆಗೆ ಜೇಮ್ಸ್ ಫ್ರಾಂಕ್ಲಿನ್ ಎಂಬುವನು ಆ ಪತ್ರಿಕೆಯನ್ನು ಮುದ್ರಿಸಕೂಡದೆಂದು ಸರ್ಕಾರದ ಅಪ್ಪಣೆಯಾಯಿತು. ಆಗ ಅಣ್ಣನು ಒಂದು ಉಪಾಯ ಮಾಡಿದನು. ತಮ್ಮನ ಹೆಸರಿನಲ್ಲಿ ಪತ್ರಿಕೆ ಹೊರಡಲಿ. ಯಾರಾದರೂ ಕೇಳಿದರೆ ತೋರಿಸಲು ಹಳೆಯ ಕರಾರುಪತ್ರದ ಬೆನ್ನ ಮೇಲೆ ಬಿಡುಗಡೆಯನ್ನು ಬರೆದು ತಮ್ಮನ ಕೈಗೆ ಕೊಡುವುದು. ಆದರೆ ಉಳಿದ ವರ್ಷಗಳ ದುಡಿಮೆಗಾಗಿ ಇನ್ನೊಂದು ಕರಾರನ್ನು ಮರೆಯಲ್ಲಿ ಬರೆಸಿಕೊಳ್ಳುವುದು. ಹೊರಗೆ ತೋರಿಸುವ ಪತ್ರ ಒಂದು, ಒಳಗೆ ನಡೆಯುವ ಪತ್ರ ಇನ್ನೊಂದು. ಕೆಲವು ತಿಂಗಳು ಹೀಗೆ ನಡೆಯಿತು. ಅಣ್ಣತಮ್ಮಂದಿರಿಗೆ ಜಗಳವಾಗಿ ಅಣ್ಣ ಕೈಮಾಡಿದಾಗ, ತಾನು ಸ್ವತಂತ್ರನೆಂದು ಬೆಂಜಮಿನ್ ಸಾರಿಬಿಟ್ಟನು. ಮರೆಯ ಪತ್ರವನ್ನು ಅಣ್ಣ ನ್ಯಾಯಸ್ಥಾನಕ್ಕೆ ತರಲಾರನೆಂದು ಅವನಿಗೆ ಗೊತ್ತಿತ್ತು. ೧೭೨೩ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಪುಸ್ತಕಗಳನ್ನು ಮಾರಿ ಹಡಗಿನ ಬಾಡಿಗೆ ಹೊಂದಿಸಿಕೊಂಡು ಊರು ಬಿಟ್ಟನು. ಅಣ್ಣ ಕ್ರೂರಿಯಾಗಿದ್ದನೆಂಬುದು ನಿಜ. ಆದರೂ ಆ ಪತ್ರದ ದುರ್ಬಲತೆಯನ್ನು ತಾನು ಬಳಸಿಕೊಂಡದ್ದನ್ನು ಫ್ರಾಂಕ್ಲಿನ್ ಮುಂದೆ ತನ್ನ ಆತ್ಮಕಥೆಯಲ್ಲಿ ಜೀವನದ ಮೊದಲ ಅಚ್ಚಿನ ತಪ್ಪೆಂದು ಲೆಕ್ಕಹಾಕಿದ್ದಾನೆ. ಅಚ್ಚುಕೂಟದವನು ತನ್ನ ತಪ್ಪುಗಳಿಗೆ ಆರಿಸಿಕೊಂಡ ಹೆಸರೂ ಅಚ್ಚುಕೂಟದ್ದೇ.

ಎರಡನೆಯ ತಪ್ಪು ಹಣದ್ದು. ಫಿಲಡೆಲ್ಫಿಯದಲ್ಲಿ ಕೈಮರ್ ಎಂಬ ಮುದ್ರಕನ ಬಳಿ ಕೆಲಸಕ್ಕಿದ್ದಾಗ, ಒಮ್ಮೆ ಬಾಸ್ಟನ್ನಿಗೆ ಹೋಗಿ ಹಿಂದಿರುಗುವ ದಾರಿಯಲ್ಲಿ, ವರ್ನನ್ ಎಂಬ ಗೃಹಸ್ಥನು ಅವನಿಗೆ ಒಂದು ಕೆಲಸ ವಹಿಸಿದನು. ಪೆನ್ಸಿಲ್ವೇನಿಯದಲ್ಲಿ ಅವನಿಗೆ ಸುಮಾರು ೩೫ ಪೌಂಡು ಬರಬೇಕಾಗಿತ್ತು. ಅದನ್ನು ವಸೂಲು ಮಾಡಿ, ತಾನು ಹೇಳುವವರೆಗೆ ಇಟ್ಟುಕೊಂಡಿರಬೇಕೆಂದು ಕೇಳಿದನು. ಫ್ರಾಂಕ್ಲಿನ್ ವಸೂಲು ಮಾಡಿದನು. ಆದರೆ ಕುಡಿತಕ್ಕೆ ಬಿದ್ದಿದ್ದ ಗೆಳೆಯನೊಬ್ಬನು ಇಂದು ಕೊಡುತ್ತೇನೆ ನಾಳೆ ಕೊಡುತ್ತೇನೆಂದು ಆ ಗಂಟಿನಿಂದ ಕೈಗಡ ಪಡೆಯುತ್ತಾ ಹೋದನು; ಮಿಕ್ಕದ್ದು ಇವನ ಖರ್ಚಿಗೂ ಕರಗಿತು. ವರ್ನನ್ ಯಾವ ದಿನ ಕೇಳಿಬಿಡುವನೋ ಎಂಬ ಅಂಜಿಕೆ ವರ್ಷಗಟ್ಟಲೆ ಅವನ ಎದೆಯಲ್ಲಿ ಕೂತಿತ್ತು. ಪರರ ಹಣ ಕೈಯಲ್ಲಿದ್ದಾಗ ಅದನ್ನು ತನ್ನ ಹಣದಿಂದ ಬೇರೆಯಾಗಿ ಇಡಬೇಕೆಂಬ ಪಾಠವನ್ನು ಯಾವ ವಾಣಿಜ್ಯಶಾಸ್ತ್ರದ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಈ ನಡುವೆ ಇವನೇ ಒಬ್ಬ ದೊಡ್ಡಮನುಷ್ಯನ ಮಾತಿಗೆ ಸಿಕ್ಕಿದನು. ಪೆನ್ಸಿಲ್ವೇನಿಯದ ಗವರ್ನರ್ ಸರ್ ವಿಲಿಯಂ ಕೀತ್ ಹುಡುಗನ ಬುದ್ಧಿಗೆ ಮೆಚ್ಚಿ, ಅಚ್ಚುಕೂಟ ಹಾಕಿಸಿಕೊಡುವೆನೆಂದನು. ಯಂತ್ರವನ್ನೂ ಮೊಳೆಗಳನ್ನೂ ಕೊಳ್ಳಲು ಲಂಡನ್ನಿಗೆ ಹೋಗು, ಹುಂಡಿಯ ಪತ್ರಗಳನ್ನು ಹಡಗಿಗೇ ಕಳುಹಿಸುತ್ತೇನೆಂದನು. ೧೭೨೪ರ ಕೊನೆಯಲ್ಲಿ ಲಂಡನ್ನು ಮುಟ್ಟಿ ನೋಡಿದರೆ ಚೀಲದಲ್ಲಿ ಇವನ ಪಾಲಿನ ಪತ್ರ ಒಂದೂ ಇಲ್ಲ. ಕೀತನಿಗೆ ಅಂಥ ಪತ್ರ ಬರೆಯುವಷ್ಟು ಸಾಲದ ಮರ್ಯಾದೆಯೇ ಎಲ್ಲೂ ಉಳಿದಿರಲಿಲ್ಲ. ಎಲ್ಲರನ್ನೂ ಸಂತೋಷಪಡಿಸಬೇಕೆಂಬ ಆಸೆ, ಕೊಡಲು ಕೈಯಲ್ಲಿ ಏನೂ ಇಲ್ಲ. ಆದ್ದರಿಂದ ಭರವಸೆಯನ್ನು ಕೊಡುತ್ತಿದ್ದನು. ಹದಿನೆಂಟರ ಹುಡುಗ ಪರದೇಶದಲ್ಲಿ ಕೂಲಿಗೆ ಮೊಳೆ ಜೋಡಿಸಿ ಒಂದೂವರೆ ವರ್ಷಕ್ಕೂ ಮೇಲೆ ಕಳೆಯಬೇಕಾಯಿತು.

ಅದೇ ಹಡಗಿನಲ್ಲಿ ಅವನಿಗೆ ಪರಿಚಯವಾದ ಇನ್ನೊಬ್ಬನು ಡೆನ್ಹ್ಯಾಮ್ ಎಂಬ ಕ್ವೇಕರ್ ಪಂಥದ ವರ್ತಕ. ಇವನ ಕಥೆಯನ್ನು ಇಲ್ಲಿ ಹೇಳಲೇಬೇಕು. ಡೆನ್ಹ್ಯಾಮನು ಹಿಂದೆ ಬ್ರಿಸ್ಟಲಿನಲ್ಲಿ ವ್ಯಾಪಾರ ಮಾಡಿ ದಿವಾಳಿಯಾಗಿದ್ದನು. ಸಾಲ ಕೊಟ್ಟವರು ಸಿಕ್ಕಷ್ಟು ಪಡೆದು ರಾಜಿಯಾಗಿದ್ದರು. ಕಾನೂನಿನ ಪ್ರಕಾರ ಅಲ್ಲಿಗೆ ಬಾಕಿ ತೀರಿತ್ತು. ಅವನು ಅಮೆರಿಕಕ್ಕೆ ಹೋಗಿ ಕೆಲವೇ ವರ್ಷಗಳಲ್ಲಿ ಚೆನ್ನಾಗಿ ಸಂಪಾದಿಸಿದನು. ಇಂಗ್ಲೆಂಡಿಗೆ ಮರಳಿದಾಗ ಹಳೆಯ ಸಾಲಗಾರರನ್ನೆಲ್ಲ ಊಟಕ್ಕೆ ಕರೆದನು. ಅಂದು ತನ್ನನ್ನು ಕಷ್ಟಕ್ಕೆ ಒಡ್ಡದೆ ಬಿಟ್ಟುದಕ್ಕೆ ಕೃತಜ್ಞತೆ ಹೇಳಿದನು. ಬಂದವರು ಊಟವಲ್ಲದೆ ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಮೊದಲ ತಟ್ಟೆಯನ್ನು ತೆಗೆದಾಗ ಪ್ರತಿಯೊಬ್ಬನ ತಟ್ಟೆಯಡಿಯಲ್ಲೂ ಉಳಿದ ಬಾಕಿಯಷ್ಟಕ್ಕೂ ಬಡ್ಡಿ ಸಹಿತ ಬರೆದ ಬ್ಯಾಂಕಿನ ಹುಂಡಿ ಇತ್ತು! ಫ್ರಾಂಕ್ಲಿನ್ ೧೭೨೬ರಲ್ಲಿ ಈ ಡೆನ್ಹ್ಯಾಮನ ಗುಮಾಸ್ತನಾಗಿ ಫಿಲಡೆಲ್ಫಿಯಕ್ಕೆ ಹಿಂದಿರುಗಿದನು. ಅವನ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವುದನ್ನು ಕಲಿತನು. ಡೆನ್ಹ್ಯಾಮ್ ಕಾಯಿಲೆ ಬಿದ್ದು ತೀರಿಕೊಂಡದ್ದರಿಂದ ಆ ಉದ್ಯೋಗ ಬಹಳ ಕಾಲ ನಡೆಯಲಿಲ್ಲ. ಆದರೆ ಕೀತನ ಪಾಠವೂ ಡೆನ್ಹ್ಯಾಮನ ಪಾಠವೂ ಒಂದರ ಪಕ್ಕದಲ್ಲೊಂದು ಉಳಿದುವು.

೧೭೨೮ರಲ್ಲಿ ಅವನು ಹ್ಯೂ ಮೆರೆಡಿತ್ ಎಂಬ ಜತೆಗಾರನೊಂದಿಗೆ ಪಾಲುದಾರಿಕೆಯಲ್ಲಿ ಸ್ವಂತ ಅಚ್ಚುಕೂಟ ತೆರೆದನು. ಕೆಲಸ ಇವನದು, ಬಂಡವಾಳ ಮೆರೆಡಿತ್ತನ ತಂದೆಯದು. ಬಾಡಿಗೆ ವರ್ಷಕ್ಕೆ ೨೪ ಪೌಂಡು. ಅದರ ಭಾರ ತಗ್ಗಿಸಲು ಒಂದು ಸಂಸಾರವನ್ನು ಒಳಬಾಡಿಗೆಗೆ ಇಟ್ಟುಕೊಂಡರು. ಮೊಳೆಗಳ ಗಂಟನ್ನು ಆಗತಾನೆ ಬಿಚ್ಚಿದ್ದರು. ಕೈಯಲ್ಲಿದ್ದ ಕಾಸೆಲ್ಲ ಖರ್ಚಾಗಿತ್ತು. ಅಷ್ಟರಲ್ಲಿ ಪರಿಚಿತನೊಬ್ಬನು ಬೀದಿಯಲ್ಲಿ ಮುದ್ರಕರನ್ನು ಹುಡುಕುತ್ತಿದ್ದ ಹಳ್ಳಿಯವನನ್ನು ಕರೆತಂದನು. ಅವನು ಕೊಟ್ಟ ಐದು ಷಿಲ್ಲಿಂಗು ಇವರ ಮೊದಲ ಸಂಪಾದನೆ. ಮುಂದೆ ಸಿಕ್ಕ ಯಾವ ನಾಣ್ಯವೂ ತನಗೆ ಅಷ್ಟು ಸಂತೋಷ ಕೊಡಲಿಲ್ಲವೆಂದು ಅವನು ಮುಪ್ಪಿನಲ್ಲಿ ನೆನೆದಿದ್ದಾನೆ; ಹೊಸದಾಗಿ ಕಸುಬು ಹಿಡಿಯುವ ಹುಡುಗರಿಗೆ ಅವನು ಕೈನೀಡುತ್ತಿದ್ದುದೂ ಆ ನೆನಪಿನಿಂದಲೇ.

ದೊಡ್ಡ ಕೆಲಸವೆಂದು ಬಂದದ್ದು ಕ್ವೇಕರರ ಇತಿಹಾಸದ ಒಂದು ಗ್ರಂಥ. ಅದರಲ್ಲಿ ನಲವತ್ತು ಹಾಳೆ ಇವರ ಪಾಲಿಗೆ ಬಂತು, ದರವೂ ಕಡಿಮೆ. ದಿನಕ್ಕೊಂದು ಹಾಳೆಯಂತೆ ಜೋಡಿಸಲೇಬೇಕೆಂದು ಫ್ರಾಂಕ್ಲಿನ್ ನಿಯಮ ಹಾಕಿಕೊಂಡನು. ಈಗ ಎಲ್ಲವನ್ನೂ ಗಣಕಯಂತ್ರವೇ ಜೋಡಿಸುವುದರಿಂದ ಆ ಕೆಲಸದ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಅವನ್ನು ಒಂದೊಂದಾಗಿ ಕೈಯಿಂದ ಆರಿಸಿ, ತಲೆಕೆಳಗಾಗಿ ಸಾಲುಗೂಡಿಸಿ, ಪುಟವಾಗಿ ಕಟ್ಟಿ, ಅಚ್ಚಾದ ಮೇಲೆ ಮತ್ತೆ ಅವುಗಳ ಮನೆಗಳಿಗೆ ಹಂಚಬೇಕು. ಒಂದು ರಾತ್ರಿ ದಿನದ ಕೆಲಸವೆಲ್ಲ ಮುಗಿಯಿತೆಂದುಕೊಂಡ ಹೊತ್ತಿಗೆ ಕಟ್ಟು ಕಳಚಿ ಎರಡು ಪುಟಗಳ ಮೊಳೆ ಚೆಲ್ಲಾಪಿಲ್ಲಿಯಾಯಿತು. ಅವನು ಅಲ್ಲೇ ಕೂತು, ಚೆಲ್ಲಿದ ಮೊಳೆಯನ್ನೆಲ್ಲ ಹಂಚಿ, ಎರಡು ಪುಟಗಳನ್ನೂ ಹೊಸದಾಗಿ ಜೋಡಿಸಿ ಮಲಗಿದನು. ಗಿರಾಕಿಗೆ ಒಂದು ದಿನದ ಗಡುವು ತಪ್ಪಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಆದರೆ ಈ ಅಚ್ಚುಕೂಟದ ದೀಪ ನಡುರಾತ್ರಿಯವರೆಗೆ ಉರಿಯುವುದನ್ನು ನೆರೆಯವರು ನೋಡುತ್ತಿದ್ದರು. ಊರಿನ ವರ್ತಕರ ಕೂಟದಲ್ಲಿ ಆ ಮಾತು ಬಂತು. ಹೊಸ ಅಚ್ಚುಕೂಟ ಮುಳುಗುವುದು ಖಂಡಿತವೆಂದವರ ನಡುವೆ ಡಾಕ್ಟರ್ ಬೇರ್ಡ್ ಎಂಬುವನು ಮುಳುಗದೆಂದು ಸಾಧಿಸಿದನು. ಸ್ವಲ್ಪ ಕಾಲಕ್ಕೆ ಸಾಲದ ಮೇಲೆ ಸರಕು ಕೊಡುತ್ತೇವೆಂದು ವರ್ತಕರೇ ಮುಂದೆ ಬಂದರು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಫ್ರಾಂಕ್ಲಿನ್ ನಿಜವಾಗಿ ಶ್ರಮಜೀವಿಯೇ, ಅಥವಾ ಹಾಗೆ ಕಾಣಿಸಿಕೊಳ್ಳುವುದರಲ್ಲಿ ಜಾಣನೇ? ಶ್ರಮಪಟ್ಟರೆ ಸಾಲದು, ಶ್ರಮಪಡುವವನೆಂದು ಜನಕ್ಕೆ ಕಾಣಬೇಕೂ ಕೂಡ ಎಂಬುದು ಅವನ ಮತವಾಗಿತ್ತು. ಸಾದಾ ಬಟ್ಟೆ ಉಡುತ್ತಿದ್ದನು. ಅಂಗಡಿಗಳಲ್ಲಿ ಕೊಂಡ ಕಾಗದವನ್ನು ಒಂಟಿಗಾಲಿ ಗಾಡಿಯ ಮೇಲಿಟ್ಟು ತಾನೇ ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದನು. ಇದು ನಾಟಕವೆಂದು ಅವನನ್ನು ಹಳಿದವರು ಉಂಟು. ನನಗೆ ಹಾಗೆ ತೋರುವುದಿಲ್ಲ. ಗಾಡಿಯಲ್ಲಿ ಕಾಗದವಿತ್ತು; ಆ ಕಾಗದಕ್ಕೆ ಹೇಳಿದ ದಿನಕ್ಕೆ ದುಡ್ಡು ಸಲ್ಲುತ್ತಿತ್ತು. ಮೆರೆಸಿದ್ದು ಇದ್ದುದನ್ನೇ. ಒಳಗೊಂದು ಹೊರಗೊಂದು ಇಟ್ಟುಕೊಂಡ ಅಣ್ಣನ ಪತ್ರಕ್ಕೂ ಈ ಗಾಡಿಗೂ ಇರುವ ಅಂತರ ಅದೇ.

೧೭೨೯ರಲ್ಲಿ ಅವನು ಕೈಮರನಿಂದ ಒಂದು ಸೊರಗಿದ ಪತ್ರಿಕೆಯನ್ನು ಕೊಂಡನು. ಅದಕ್ಕೆ ಆಗ ಹೆಚ್ಚೆಂದರೆ ತೊಂಬತ್ತು ಚಂದಾದಾರರು. ಅದೇ ಪೆನ್ಸಿಲ್ವೇನಿಯ ಗೆಜೆಟ್. ಊರಿನ ಸರ್ಕಾರಿ ಮುದ್ರಣವೆಲ್ಲ ಬ್ರಾಡ್‌ಫರ್ಡ್ ಎಂಬ ಹಳೆಯ ಮುದ್ರಕನ ಕೈಯಲ್ಲಿತ್ತು. ಅವನು ಶಾಸನಸಭೆಯು ಗವರ್ನರಿಗೆ ಸಲ್ಲಿಸಿದ ಬಿನ್ನವತ್ತಳೆಯೊಂದನ್ನು ಒರಟಾಗಿ, ತಪ್ಪುಗಳ ಸಮೇತ ಅಚ್ಚು ಮಾಡಿದ್ದನು. ಫ್ರಾಂಕ್ಲಿನ್ ಅದನ್ನೇ ತಪ್ಪಿಲ್ಲದಂತೆ ಅಂದವಾಗಿ ಅಚ್ಚುಮಾಡಿ ಸಭೆಯ ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಪ್ರತಿ ಕಳುಹಿಸಿದನು. ಬ್ರಾಡ್‌ಫರ್ಡನ ವಿಷಯವಾಗಿ ಒಂದು ಮಾತೂ ಬರೆಯಲಿಲ್ಲ. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಮುಂದಿನ ವರ್ಷಕ್ಕೆ ಸಭೆಯ ಮುದ್ರಕನನ್ನಾಗಿ ಇವನನ್ನು ಆರಿಸಿದರು.

ಅಷ್ಟರಲ್ಲಿ ಬಂಡವಾಳದ ಕಷ್ಟ ಬಂತು. ಮೆರೆಡಿತ್ತನ ತಂದೆ ೧೦೦ ಪೌಂಡನ್ನು ಕೊಟ್ಟಿದ್ದನು. ಇನ್ನು ನೂರು ಸಾಮಾನು ತರಿಸಿಕೊಟ್ಟ ವರ್ತಕನಿಗೆ ಸಲ್ಲಬೇಕಾಗಿತ್ತು. ಅದು ಸಲ್ಲದೆ ವರ್ತಕನು ದಾವೆ ಹೂಡಿದನು. ಮಗ ಮೆರೆಡಿತ್ತನೋ ಕುಡಿತದವನು, ಕೆಲಸ ಬಾರದವನು. ಈ ಸ್ಥಿತಿಯಲ್ಲಿ ಕೋಲ್ಮನ್, ಗ್ರೇಸ್ ಎಂಬ ಇಬ್ಬರು ಗೆಳೆಯರು, ಒಬ್ಬರಿಗೊಬ್ಬರು ತಿಳಿಯದಂತೆ, ಬೇಕಾದ ಹಣವನ್ನೆಲ್ಲ ತಾವು ಕೊಡುತ್ತೇವೆ, ಆ ಕುಡುಕನನ್ನು ಬಿಟ್ಟು ಒಬ್ಬನೇ ವ್ಯಾಪಾರ ಮಾಡೆಂದರು. ಫ್ರಾಂಕ್ಲಿನ್ ಒಪ್ಪಲಿಲ್ಲ. ಮೆರೆಡಿತ್ತರು ತಮ್ಮ ಪಾಲಿನ ಮಾತನ್ನು ನಡೆಸುವ ಆಸೆ ಇರುವವರೆಗೆ ಬಿಡುಗಡೆಯ ಮಾತನ್ನು ತಾನಾಗಿ ಎತ್ತಲಾರೆನೆಂದನು. ಹಿಂದೆ ಅವರಿಂದ ಪಡೆದ ಉಪಕಾರ ಅವನ ಬಾಯಿ ಕಟ್ಟಿತ್ತು. ಪಾಲುದಾರನಿಗೆ, ನಿನ್ನ ತಂದೆಗೆ ನನ್ನ ಮೇಲೆ ಅಸಮಾಧಾನವಿದ್ದರೆ ನಾನೇ ನಿನಗೆ ಎಲ್ಲವನ್ನೂ ಬಿಟ್ಟುಕೊಡುತ್ತೇನೆಂದು ಹೇಳಿದನು. ಮೆರೆಡಿತ್ ನಿಜ ಹೇಳಿದನು: ತಂದೆಯ ಕೈ ಬರಿದಾಗಿದೆ, ತಾನು ಬೇಸಾಯಕ್ಕೆ ಹುಟ್ಟಿದವನು, ಪಟ್ಟಣಕ್ಕೆ ಬಂದದ್ದೇ ತಪ್ಪು, ತಂದೆಯ ನೂರು ಪೌಂಡನ್ನು ಹಿಂದಕ್ಕೆ ಕೊಟ್ಟು, ತನ್ನ ಚಿಲ್ಲರೆ ಸಾಲಗಳನ್ನು ತೀರಿಸಿ, ೩೦ ಪೌಂಡನ್ನೂ ಒಂದು ಹೊಸ ಜೀನನ್ನೂ ಕೊಟ್ಟರೆ ಸಾಕು. ಹಾಗೆಯೇ ಬರಹವಾಯಿತು. ಗೆಳೆಯರಿಬ್ಬರಲ್ಲಿ ಯಾರ ಮನಸ್ಸನ್ನೂ ನೋಯಿಸಬಾರದೆಂದು ಅರ್ಧವನ್ನು ಒಬ್ಬನಿಂದ, ಅರ್ಧವನ್ನು ಇನ್ನೊಬ್ಬನಿಂದ ಪಡೆದನು. ಪಾಲುದಾರಿಕೆ ಮುಗಿಯಿತೆಂದು ಊರಿಗೆಲ್ಲ ತಿಳಿಯುವಂತೆ ಜಾಹಿರಾತು ಕೊಟ್ಟನು. ಇದು ೧೭೩೦ರ ಮಾತು. ಅಷ್ಟರಲ್ಲಿ ವರ್ನನ್ನನ ಜ್ಞಾಪಕಪತ್ರವೂ ಬಂದಿತ್ತು. ಫ್ರಾಂಕ್ಲಿನ್ ಸಾಲವನ್ನು ಮುಚ್ಚಿಡದೆ ಒಪ್ಪಿಕೊಂಡು, ಸ್ವಲ್ಪ ಕಾಲ ಬೇಡಿ ಪಡೆದು, ಕೈ ಸಾಗಿದೊಡನೆ ಅಸಲನ್ನೂ ಬಡ್ಡಿಯನ್ನೂ ಸಲ್ಲಿಸಿದನು.

ಅದೇ ವರ್ಷ ಡೆಬೊರಾ ರೀಡ್ ಅವನ ಮನೆಗೆ ಬಂದಳು. ಆಕೆಯಿಲ್ಲದೆ ಆ ಅಂಗಡಿ ನಡೆಯುತ್ತಿರಲಿಲ್ಲ. ಹಾಳೆ ಮಡಿಸುವುದು, ಪುಸ್ತಕ ಹೊಲಿಯುವುದು, ಕಾಗದದ ಕಾರ್ಖಾನೆಗಾಗಿ ಹಳೆಯ ನಾರುಬಟ್ಟೆಯ ಚಿಂದಿ ಕೊಳ್ಳುವುದು, ಗಿರಾಕಿಗಳನ್ನು ನೋಡಿಕೊಳ್ಳುವುದು, ಉದ್ದರಿ ಬರೆಯುವುದು ಆಕೆಯ ಕೆಲಸ. ಅಂಗಡಿಯಲ್ಲಿ ಕಾಗದ, ಚರ್ಮಪತ್ರ, ಮಸಿ, ಅಗ್ಗದ ಪುಸ್ತಕಗಳು, ಫ್ರಾಂಕ್ಲಿನ್ ಮನೆತನದ ಸಾಬೂನು ಸಹ ಇದ್ದವು. ಹೆಚ್ಚು ಹೆಸರು ಪಡೆದದ್ದು ಅಲ್ಲಿ ಮಾರುತ್ತಿದ್ದ ಖಾಲಿ ಫಾರಂಗಳು: ಸಾಲಪತ್ರ, ಜಾಮೀನುಪತ್ರ ಮೊದಲಾದುವು. ಕಾನೂನಿನ ಬರಹ ಬಲ್ಲ ಗೆಳೆಯನ ನೆರವಿನಿಂದ ಅವನ್ನು ಆ ಪ್ರಾಂತದಲ್ಲೇ ಅತ್ಯಂತ ಶುದ್ಧವಾಗಿ ಅಚ್ಚು ಹಾಕಿಸಿದ್ದನು. ಕಥೆಯ ಪುಸ್ತಕದಲ್ಲಿ ಒಂದಕ್ಷರ ತಪ್ಪಿದರೆ ಓದುಗನು ನಕ್ಕು ಮುಂದಕ್ಕೆ ಹೋಗುತ್ತಾನೆ. ಸಾಲಪತ್ರದಲ್ಲಿ ತಪ್ಪಿದರೆ ಒಬ್ಬನ ಹೊಲ ಹೋಗುತ್ತದೆ. ಅವನ ಕಿರ್ದಿ ಖಾತೆ ಪುಸ್ತಕಗಳಲ್ಲಿ ಕೆಲವು ಇಂದಿಗೂ ಫಿಲಡೆಲ್ಫಿಯದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿ ಉಳಿದಿವೆ.

ಹಾಗೆಂದು ಎಲ್ಲವನ್ನೂ ಹೊಗಳುವಂತಿಲ್ಲ. ೧೭೨೯ರಲ್ಲಿ ಪ್ರಾಂತಕ್ಕೆ ಕಾಗದದ ನಾಣ್ಯ ಬೇಕೆಂದು ಹೆಸರು ಹಾಕದೆ ಒಂದು ಪುಸ್ತಿಕೆ ಬರೆದನು. ನೋಟು ಬಂತು, ಮುಂದೆ ಅದನ್ನು ಅಚ್ಚುಹಾಕುವ ಲಾಭದ ಕೆಲಸವೂ ಇವನಿಗೇ ಬಂತು. ವಾದ ಸರಿಯೇ ಇದ್ದಿರಬಹುದು. ವಾದಿಸಿದವನು ಮುದ್ರಕನೆಂದು ಓದುಗರಿಗೆ ತಿಳಿದಿದ್ದರೆ ಇನ್ನೂ ಸರಿಯಾಗಿರುತ್ತಿತ್ತು.

ಪತ್ರಿಕೆಯ ವಿಷಯದಲ್ಲಿ ಮಾತ್ರ ಅವನು ತನ್ನ ಲೆಕ್ಕವನ್ನು ಓದುಗರ ಮುಂದೆ ಬಿಚ್ಚಿಟ್ಟದ್ದುಂಟು. ೧೭೩೧ರಲ್ಲಿ ಬಾರ್ಬಡೋಸಿಗೆ ಹೋಗುವ ಹಡಗೊಂದರ ಪ್ರಕಟಣೆಯನ್ನು ಅಚ್ಚು ಹಾಕಿದನು. ಅದರಲ್ಲಿ ಪಾದ್ರಿಗಳನ್ನು ಹಾಸ್ಯ ಮಾಡುವ ಒಂದು ಮಾತಿತ್ತು. ಊರಿನ ಧರ್ಮಭೀರುಗಳು ಕೆರಳಿದರು. ಇನ್ನು ಇವನಿಗೆ ಕೆಲಸ ಕೊಡಬಾರದೆಂದರು. ಫ್ರಾಂಕ್ಲಿನ್ ಆ ಮಾತಿನಿಂದಾಗುವ ನೋವು ತನಗೆ ತಿಳಿಯಲಿಲ್ಲವೆಂದೂ, ಯಾರ ಮೇಲೂ ದ್ವೇಷವಿಲ್ಲವೆಂದೂ ತನ್ನ ಪತ್ರಿಕೆಯಲ್ಲೇ ಬರೆದನು. ಅಷ್ಟನ್ನು ಯಾರಾದರೂ ಬರೆಯುತ್ತಿದ್ದರು. ಆ ಕೆಲಸಕ್ಕೆ ತನಗೆ ಐದು ಷಿಲ್ಲಿಂಗು ಸಿಕ್ಕಿತೆಂಬುದನ್ನೂ, ಈಗ ಕೋಪಿಸಿಕೊಂಡವರಲ್ಲಿ ಯಾರೂ ಅದನ್ನು ಅಚ್ಚು ಹಾಕದಿರೆಂದು ತನಗೆ ಅಷ್ಟು ಹಣ ಕೊಡುತ್ತಿರಲಿಲ್ಲವೆಂಬುದನ್ನೂ ಅವನು ಸೇರಿಸಿದನು! ಮುದ್ರಕನ ಕಸುಬು ಎಲ್ಲ ಪಕ್ಷದವರ ಮಾತನ್ನೂ ಅಚ್ಚು ಹಾಕುವುದು. ಅದರಿಂದ ಒಬ್ಬರಿಗಲ್ಲ ಒಬ್ಬರಿಗೆ ಬೇಸರವಾಗುವುದು ತಪ್ಪದೆಂದು ವಾದಿಸಿದನು.

ಆದರೆ ಇದಕ್ಕೊಂದು ಎಲ್ಲೆ ಇತ್ತು. ವೈರಿಯೊಬ್ಬನನ್ನು ಬೈಯುವ ಬರಹವನ್ನು ಹಿಡಿದು, ದುಡ್ಡು ಕೊಡುತ್ತೇನೆ ಹಾಕು, ಪತ್ರಿಕೆಯೆಂಬುದು ಬಾಡಿಗೆ ಗಾಡಿಯಂತೆ, ಕಾಸು ಕೊಟ್ಟವನಿಗೆ ಸ್ಥಳ ಸಿಗಬೇಕು ಎಂದು ವಾದಿಸುವವರು ಬರುತ್ತಿದ್ದರು. ಬೇಕಾದರೆ ಅದನ್ನು ಬೇರೆ ಹಾಳೆಯಾಗಿ ಅಚ್ಚು ಮಾಡಿ ಕೊಡುತ್ತೇನೆ, ನೀನೇ ಹಂಚಿಕೊ ಎನ್ನುತ್ತಿದ್ದನು. ಚಂದಾದಾರರು ಉಪಯುಕ್ತವಾದುದಕ್ಕೂ ಮನಸ್ಸಿಗೆ ಹಿತವಾದುದಕ್ಕೂ ಮುಂಗಡ ಒಪ್ಪಂದ ಮಾಡಿಕೊಂಡವರು. ಅವರಿಗೆ ಸಂಬಂಧವಿಲ್ಲದ ಬೀದಿಜಗಳವನ್ನು ಅವರ ಹಾಳೆಗಳಲ್ಲಿ ತುಂಬಿದರೆ ಅದು ಅವರಿಗೆ ಮಾಡುವ ಮೋಸ. ಗಿರಾಕಿಯೆಂದರೆ ಎದುರಿಗೆ ನಿಂತು ದುಡ್ಡು ಚಾಚುವವನೊಬ್ಬನೇ ಅಲ್ಲ, ಊರಾಚೆ ಕೂತು ವಾರಕ್ಕೊಮ್ಮೆ ಪತ್ರಿಕೆಗಾಗಿ ಕಾಯುವವನೂ ಗಿರಾಕಿಯೇ ಎಂದು ಅವನು ಕಂಡುಕೊಂಡನು.

ಅದೇ ಪತ್ರಿಕೆಯ ಕೊನೆಯ ಪುಟಗಳಲ್ಲಿ ಮನುಷ್ಯರ ಮಾರಾಟದ ಜಾಹಿರಾತುಗಳೂ, ಓಡಿಹೋದ ಗುಲಾಮರನ್ನು ಹಿಡಿದುಕೊಡಿರೆಂಬ ಪ್ರಕಟಣೆಗಳೂ ಬರುತ್ತಿದ್ದವು. ಅದಕ್ಕೂ ದರವಿತ್ತು; ಅದೂ ಖಾತೆಗೆ ಜಮೆಯಾಗುತ್ತಿತ್ತು. ಅವನ ಮನೆಯಲ್ಲೂ ಗುಲಾಮರಿದ್ದರು. ಬೈಗುಳಕ್ಕೆ ಬಾಗಿಲು ಮುಚ್ಚಿದವನು ಇದಕ್ಕೆ ಏಕೆ ಮುಚ್ಚಲಿಲ್ಲವೆಂಬ ಪ್ರಶ್ನೆಗೆ ಅವನ ಕಾಲವನ್ನು ಮುಂದೆ ಮಾಡಿದರೆ ಸಾಲದು. ಅದೇ ಊರಿನಲ್ಲಿ ಗುಲಾಮಗಿರಿಯನ್ನು ವಿರೋಧಿಸಿದ ಕ್ವೇಕರರ ಪುಸ್ತಕಗಳನ್ನು ಅಚ್ಚು ಹಾಕಿದವನೂ ಅವನೇ. ಎಂಬತ್ತು ದಾಟಿದ ಮೇಲೆ, ೧೭೮೭ರಲ್ಲಿ, ಅವನು ಗುಲಾಮಗಿರಿಯ ನಿರ್ಮೂಲನಕ್ಕಾಗಿ ನಿಂತ ಪೆನ್ಸಿಲ್ವೇನಿಯದ ಸಂಘಕ್ಕೆ ಅಧ್ಯಕ್ಷನಾದನು. ೧೭೯೦ರಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮುಂಚೆ, ಅದರ ಬಿನ್ನಹವನ್ನು ಸಹಿ ಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದನು. ತಡವಾಗಿ ಸಂದ ಬಾಕಿ.

ವ್ಯಾಪಾರ ಬೆಳೆದಂತೆ ಅವನು ಅಂಗಡಿಯನ್ನು ದೊಡ್ಡದು ಮಾಡಲಿಲ್ಲ. ಬೇರೆ ಊರುಗಳಲ್ಲಿ ತನ್ನ ಕೈಕೆಳಗೆ ಪಳಗಿದ ಹುಡುಗರಿಗೆ ಅಚ್ಚುಕೂಟ ಹಾಕಿಸಿಕೊಟ್ಟನು. ಯಂತ್ರವೂ ಮೊಳೆಯೂ ಇವನವು. ಖರ್ಚಿನ ಮೂರನೆಯ ಒಂದು ಪಾಲು ಇವನದು. ಲಾಭದಲ್ಲೂ ಮೂರನೆಯ ಒಂದು ಪಾಲು. ಆರು ವರ್ಷ ಕಳೆದ ಮೇಲೆ ಸಾಮಾನನ್ನು ಕೊಂಡು ಸ್ವತಂತ್ರರಾಗಬಹುದು. ಒಬ್ಬೊಬ್ಬ ಪಾಲುದಾರನು ಏನು ಮಾಡಬೇಕು, ಏನನ್ನು ನಿರೀಕ್ಷಿಸಬಹುದು ಎಂಬುದೆಲ್ಲ ಮೊದಲೇ ಬರಹದಲ್ಲಿರುತ್ತಿತ್ತು. ಪಾಲುದಾರಿಕೆಗಳು ಬಹುಮಟ್ಟಿಗೆ ಜಗಳದಲ್ಲಿ ಮುಗಿಯುತ್ತವೆ, ತನ್ನವು ಸ್ನೇಹದಲ್ಲಿ ಮುಗಿದುವೆಂದು ಅವನು ಹೆಮ್ಮೆಪಟ್ಟುಕೊಂಡಿದ್ದಾನೆ. ಕಾರಣ ಆ ಬರಹವೇ ಎಂದಿದ್ದಾನೆ. ಮರೆಯ ಕರಾರಿನಿಂದ ಬಾಳನ್ನು ಆರಂಭಿಸಿದವನ ಮಾತೆಂದು ನೆನೆದರೆ ಇದಕ್ಕೆ ತೂಕ ಹೆಚ್ಚು.

ಇವುಗಳಲ್ಲಿ ದಕ್ಷಿಣ ಕ್ಯಾರೊಲೈನದ ಚಾರ್ಲ್ಸ್‌ಟನ್ನಿನ ಪ್ರಸಂಗ ನಮ್ಮ ವಿದ್ಯಾರ್ಥಿನಿಯರು ಓದತಕ್ಕದ್ದು. ಅಲ್ಲಿಗೆ ಹೋದ ಮೊದಲ ಪಾಲುದಾರನು ಬೇಗ ಸತ್ತನು. ಅವನ ಬದಲು ಹೋದ ಲೂಯಿ ತಿಮೋತಿ ವಿದ್ಯಾವಂತ, ಪ್ರಾಮಾಣಿಕ. ಆದರೆ ಲೆಕ್ಕ ಬಾರದು. ಆಗಾಗ ಹಣ ಕಳುಹಿಸುವನು. ಜಮಾಖರ್ಚಿನ ಪಟ್ಟಿ ಮಾತ್ರ ಅವನು ಬದುಕಿರುವವರೆಗೆ ತೃಪ್ತಿಕರವಾಗಿ ಬರಲೇ ಇಲ್ಲ. ೧೭೩೮ರಲ್ಲಿ ಅವನು ತೀರಿಕೊಂಡಾಗ ಕೆಲಸ ಹೆಂಡತಿ ಎಲಿಜಬೆತ್ತಳ ಮೇಲೆ ಬಿತ್ತು. ಆಕೆ ಹಾಲೆಂಡಿನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಹೆಣ್ಣುಮಕ್ಕಳಿಗೂ ಲೆಕ್ಕ ಬರೆಯುವುದನ್ನು ಕಲಿಸುತ್ತಿದ್ದರು. ಗಂಡನ ಕಾಲದ ವ್ಯವಹಾರಗಳಲ್ಲಿ ಸಿಕ್ಕಷ್ಟನ್ನು ಹುಡುಕಿ ಸ್ಪಷ್ಟವಾದ ಪಟ್ಟಿ ಕಳುಹಿಸಿದಳು. ಆಮೇಲೆ ಮೂರು ತಿಂಗಳಿಗೊಮ್ಮೆ ತಪ್ಪದೆ ಲೆಕ್ಕ ಒಪ್ಪಿಸಿದಳು. ತುಂಬಿದ ಸಂಸಾರವನ್ನು ಸಾಕಿದ್ದಲ್ಲದೆ, ಅವಧಿ ಮುಗಿದಾಗ ಅಚ್ಚುಕೂಟವನ್ನೇ ಕೊಂಡು ಮಗನನ್ನು ಅದರಲ್ಲಿ ನಿಲ್ಲ��ಸಿದಳು. ಹೆಣ್ಣುಮಕ್ಕಳಿಗೆ ಸಂಗೀತ ನೃತ್ಯಗಳಿಗಿಂತ ಲೆಕ್ಕ ಕಲಿಸುವುದು ಲೇಸೆಂದು ಫ್ರಾಂಕ್ಲಿನ್ ಇದರಿಂದ ತೀರ್ಮಾನಿಸಿದನು. ಸಂಗೀತದ ಮಾತನ್ನು ಒಪ್ಪಬೇಕಾದುದಿಲ್ಲ. ಲೆಕ್ಕದ ಮಾತನ್ನು ಅಲ್ಲಗಳೆಯುವುದು ಕಷ್ಟ.

ಲೆಕ್ಕದ ಅಶ್ರದ್ಧೆ ಪ್ರತಿಸ್ಪರ್ಧಿ ಬ್ರಾಡ್‌ಫರ್ಡನನ್ನೂ ಕೆಡವಿತು. ಅವನು ಊರಿನ ಪೋಸ್ಟ್‌ಮಾಸ್ಟರೂ ಆಗಿದ್ದನು. ಫ್ರಾಂಕ್ಲಿನ್ನನ ಪತ್ರಿಕೆಯನ್ನು ಅಂಚೆಯ ಸವಾರರು ಒಯ್ಯಬಾರದೆಂದು ತಡೆದಿದ್ದನು. ಫ್ರಾಂಕ್ಲಿನ್ ಸವಾರರಿಗೆ ಗುಟ್ಟಾಗಿ ಕೈಬಿಸಿ ಮಾಡಿ ಕಳುಹಿಸುತ್ತಿದ್ದನೆಂಬುದನ್ನೂ ಹೇಳದಿದ್ದರೆ ಕಥೆ ಅರ್ಧವಾದೀತು. ಬ್ರಾಡ್‌ಫರ್ಡ್ ಮೇಲಧಿಕಾರಿಗೆ ಅಂಚೆಯ ಲೆಕ್ಕವನ್ನು ಸರಿಯಾಗಿ ಒಪ್ಪಿಸದೆ ಕೆಲಸ ಕಳೆದುಕೊಂಡನು. ೧೭೩೭ರಲ್ಲಿ ಅದು ಫ್ರಾಂಕ್ಲಿನ್ನನಿಗೆ ಬಂತು. ಕಸುಬಿಗೆ ಇಳಿಯುವ ಹುಡುಗರಿಗೆ ಅವನು ಇದನ್ನೇ ಉದಾಹರಣೆಯಾಗಿ ಕೊಡುತ್ತಿದ್ದನು: ಲೆಕ್ಕವನ್ನು ಸ್ಪಷ್ಟವಾಗಿ ಒಪ್ಪಿಸಿ ಹಣವನ್ನು ವೇಳೆಗೆ ಸಲ್ಲಿಸುವುದಕ್ಕಿಂತ ಬಲವಾದ ಶಿಫಾರಸು ಬೇರೊಂದಿಲ್ಲ.

ಅಣ್ಣನ ಬಾಕಿಯೂ ತೀರಿತು. ಹತ್ತು ವರ್ಷಗಳ ಮೇಲೆ ಜೇಮ್ಸನನ್ನು ಕಾಣಲು ಹೋದಾಗ ಅವನು ರೋಗಿಯಾಗಿದ್ದನು. ತಾನು ಸತ್ತರೆ ಮಗನಿಗೆ ಕೆಲಸ ಕಲಿಸೆಂದು ಕೇಳಿದನು. ಫ್ರಾಂಕ್ಲಿನ್ ಹುಡುಗನನ್ನು ಕೆಲವು ವರ್ಷ ಶಾಲೆಗೆ ಕಳುಹಿಸಿ, ಕಸುಬು ಕಲಿಸಿ, ತಾಯಿಯ ಅಚ್ಚುಕೂಟಕ್ಕೆ ಹಿಂದಿರುಗುವಾಗ ಹೊಸ ಮೊಳೆಗಳನ್ನು ಕೊಟ್ಟು ಕಳುಹಿಸಿದನು.

೧೭೪೮ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಡೇವಿಡ್ ಹಾಲ್ ಎಂಬ ಮೇಸ್ತ್ರಿಯನ್ನು ಪಾಲುದಾರನನ್ನಾಗಿ ಮಾಡಿ ಅಂಗಡಿಯಿಂದ ಎದ್ದನು. ಆ ಒಪ್ಪಂದ ಹದಿನೆಂಟು ವರ್ಷ ಕದಲದೆ ನಡೆಯಿತು. ಕಟ್ಟಿಗೆ ಉಳಿಸುವ ಒಂದು ಒಲೆಯನ್ನು ಅವನು ಕಂಡುಹಿಡಿದಾಗ ಗವರ್ನರು ಪೇಟೆಂಟು ಕೊಡುತ್ತೇನೆಂದರೂ ಬೇಡವೆಂದನು. ಇತರರ ಶೋಧಗಳಿಂದ ನಾವು ಲಾಭ ಪಡೆಯುತ್ತಿರುವಾಗ ನಮ್ಮದನ್ನು ಉಚಿತವಾಗಿ ಕೊಡಬೇಕೆಂಬುದು ಅವನ ಭಾವನೆ. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬನು ಅದನ್ನೇ ಸ್ವಲ್ಪ ಬದಲಿಸಿ ತನ್ನ ಹೆಸರಿನಲ್ಲಿ ಪೇಟೆಂಟು ಪಡೆದನು.

ಅಂಗಡಿಯ ಹೆಸರು ಎಷ್ಟು ಬಾಳುತ್ತದೆಂದು ತಿಳಿದದ್ದು ೧೭೫೫ರಲ್ಲಿ. ಫ್ರೆಂಚರ ಮೇಲೆ ದಂಡೆತ್ತಿ ಹೊರಟ ಜನರಲ್ ಬ್ರಾಡಕ್ಕನಿಗೆ ಸರಂಜಾಮು ಸಾಗಿಸಲು ಗಾಡಿಗಳು ಸಿಗಲಿಲ್ಲ. ಫ್ರಾಂಕ್ಲಿನ್ ಹಳ್ಳಿಗಾಡಿಗೆ ಹೋಗಿ ಬಾಡಿಗೆಯ ದರ, ಮುಂಗಡ, ನಷ್ಟವಾದರೆ ಪರಿಹಾರ ಎಲ್ಲವನ್ನೂ ಬಿಡಿಸಿ ಪ್ರಕಟಣೆ ಹಾಕಿದನು. ಎರಡು ವಾರಗಳಲ್ಲಿ ೧೫೦ ಗಾಡಿ, ೨೫೯ ಹೇರುಗುದುರೆ ಬಂದವು. ಆದರೆ ಬ್ರಾಡಕ್ಕನಾರೆಂದು ರೈತರಿಗೆ ಗೊತ್ತಿಲ್ಲ. ಅರಸನ ಸೇನಾಪತಿಯ ಮಾತು ಬೇಡ, ಫ್ರಾಂಕ್ಲಿನ್ ಬರೆದುಕೊಡಲಿ ಎಂದರು. ಬರೆದುಕೊಟ್ಟನು. ಬ್ರಾಡಕ್ ಸೋತು ಸತ್ತನು. ಗಾಡಿ ಕುದುರೆಗಳು ಮಣ್ಣುಪಾಲಾದವು. ರೈತರು ಇವನ ಬಾಗಿಲಿಗೆ ಬಂದರು. ಕೆಲವರು ದಾವೆಯನ್ನೇ ಹೂಡಿದರು. ಒಟ್ಟು ಸುಮಾರು ೨೦,೦೦೦ ಪೌಂಡು! ಸಲ್ಲಿಸಿದ್ದರೆ ಇಪ್ಪತ್ತು ವರ್ಷದ ಸಂಪಾದನೆ ನಿರ್ನಾಮವಾಗುತ್ತಿತ್ತು. ಕೊನೆಗೆ ಜನರಲ್ ಷರ್ಲಿ ವಿಚಾರಣೆ ಮಾಡಿಸಿ ಸರ್ಕಾರದಿಂದಲೇ ಸಲ್ಲಿಸುವಂತೆ ಅಪ್ಪಣೆ ಮಾಡಿದ್ದರಿಂದ ಬದುಕಿಕೊಂಡನು.

ಮುಂದಿನದು ಎಲ್ಲರೂ ಬಲ್ಲ ಚರಿತ್ರೆ: ಲಂಡನ್, ಪ್ಯಾರಿಸ್, ಯುದ್ಧ, ೧೭೮೩ರ ಸಂಧಿ. ಪ್ಯಾರಿಸಿನಲ್ಲಿ ಅವನ ಕಾಗದಪತ್ರಗಳು ಅಸ್ತವ್ಯಸ್ತವಾಗಿರುತ್ತಿದ್ದವೆಂದು ಜಾನ್ ಆಡಮ್ಸ್ ದೂರಿದ್ದಾನೆ, ದೂರು ಸುಳ್ಳಲ್ಲ. ೧೭೮೫ರಲ್ಲಿ ಊರಿಗೆ ಮರಳಿದ ಮೇಲೆ ತನ್ನ ರಾಯಭಾರದ ಲೆಕ್ಕವನ್ನು ನೋಡಿ ಮುಗಿಸಿರೆಂದು ಅವನು ಕಾಂಗ್ರೆಸ್ಸನ್ನು ಮತ್ತೆ ಮತ್ತೆ ಕೇಳಿಕೊಂಡನು. ಅವನು ಬದುಕಿರುವವರೆಗೆ ಅದು ಮುಗಿಯಲಿಲ್ಲ.

ಅವನು ತೀರಿಕೊಂಡದ್ದು ೧೭೯೦ರ ಏಪ್ರಿಲ್ ೧೭ರಂದು. ಮರಣಶಾಸನದಲ್ಲಿ ತನ್ನ ಹೆಸರಿನ ಮುಂದೆ ಮೊದಲು ಮುದ್ರಕನೆಂದು ಬರೆದು, ಆಮೇಲೆ ರಾಯಭಾರಿ ಮೊದಲಾದ ಪದವಿಗಳನ್ನು ಬರೆದಿದ್ದಾನೆ. ಬಾಸ್ಟನ್, ಫಿಲಡೆಲ್ಫಿಯ ಎರಡೂ ಪಟ್ಟಣಗಳಿಗೆ ಒಂದೊಂದು ಸಾವಿರ ಪೌಂಡು ಬಿಟ್ಟನು. ಕಸುಬನ್ನು ನಿಷ್ಠೆಯಿಂದ ಕಲಿತು ಮುಗಿಸಿದ, ಇಪ್ಪತ್ತೈದು ದಾಟದ, ಮದುವೆಯಾದ ಕೆಲಸಗಾರರಿಗೆ, ಇಬ್ಬರು ಮರ್ಯಾದಸ್ಥರ ಜಾಮೀನಿನ ಮೇಲೆ, ನೂರಕ್ಕೆ ಐದರ ಬಡ್ಡಿಯಲ್ಲಿ ಅದನ್ನು ಸಾಲ ಕೊಡಬೇಕು. ಇಬ್ಬರು ಗೆಳೆಯರು ಅಂದು ಕೊಟ್ಟ ಸಾಲದಿಂದಲೇ ತಾನು ತಲೆಯೆತ್ತಿದೆನೆಂದು ಕಾರಣ ಕೊಟ್ಟಿದ್ದಾನೆ. ಇನ್ನೂರು ವರ್ಷದ ಅವಧಿ ೧೯೯೦ರಲ್ಲಿ ತುಂಬಿದಾಗ ಎರಡು ನಿಧಿಗಳೂ ಸೇರಿ ೬೦ ಲಕ್ಷ ಡಾಲರಿಗಿಂತ ಮೇಲೆ ಬೆಳೆದಿದ್ದವು.

ಅದೇ ಮರಣಶಾಸನದಲ್ಲಿ ಒಂದು ಖಾತೆ ಪುಸ್ತಕದ ಮಾತೂ ಇದೆ. ಅಂಗಡಿಯ ಕಾಲದಲ್ಲಿ ಪುಸ್ತಕ, ಜಾಹಿರಾತು, ಅಂಚೆಯ ಬಾಬ್ತು ಬರಬೇಕಾಗಿದ್ದ ಚಿಲ್ಲರೆ ಬಾಕಿಗಳು ೧೭೫೭ರಲ್ಲಿ ಅವನು ಇಂಗ್ಲೆಂಡಿಗೆ ಹೊರಟಾಗ ವಸೂಲಾಗದೆ ಉಳಿದಿದ್ದವು. ಇಷ್ಟು ಹಳೆಯ ಸಾಲವನ್ನು ಸಲ್ಲಿಸಲು ಸಾಲಗಾರರೂ ಅವರ ಮಕ್ಕಳೂ ಹಿಂದುಮುಂದು ನೋಡುತ್ತಿದ್ದರು. ಆ ದೊಡ್ಡ ಖಾತೆ ಪುಸ್ತಕವನ್ನು ಅವನು ತಾನು ನೆರವಾಗಿ ಕಟ್ಟಿಸಿದ ಪೆನ್ಸಿಲ್ವೇನಿಯ ಆಸ್ಪತ್ರೆಗೆ ಬರೆದುಕೊಟ್ಟನು. ಸಾಲವೆಂದು ಕೊಡಲು ಮನಸ್ಸು ಬಾರದವರು ಧರ್ಮವೆಂದಾದರೂ ಕೊಟ್ಟಾರೆಂದು ಆಶಿಸಿದನು.